ಕೋಳಿಮರಿಯ ಕತ್ತಿನ ಬುಡದ ಉಬ್ಬು: ಕಾಯಿಲೆಯೋ, ಬರೀ ಹೊಟ್ಟೆ ತುಂಬಿದ್ದೋ?

ಸಂಜೆ ಗೂಡಿಗೆ ಸೇರಿಸುವ ಹೊತ್ತಿಗೆ ಕೋಳಿಮರಿಯ ಕತ್ತಿನ ಬುಡದಲ್ಲಿ, ಸ್ವಲ್ಪ ಬಲಕ್ಕೆ, ಒಂದು ಉಬ್ಬು ಕಾಣಿಸುತ್ತದೆ. ಮೊದಲ ಬಾರಿ ಹಿತ್ತಲಲ್ಲೋ ತಾರಸಿಯ ಮೇಲೋ ಕೋಳಿ ಸಾಕುತ್ತಿರುವವರು ಅದನ್ನು ಗಡ್ಡೆ ಎಂದುಕೊಂಡು ಗಾಬರಿಯಾಗುತ್ತಾರೆ. ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ಸಾಕು, ಸಲಹೆಗಳು ಸಾಲುಗಟ್ಟುತ್ತವೆ. ತಲೆಕೆಳಗೆ ಹಿಡಿದು ಹಿಂಡಿ, ಎಣ್ಣೆ ಕುಡಿಸಿ, ವಿನೆಗರ್ ಹಾಕಿ, ಮನುಷ್ಯರ ಮಾತ್ರೆಯನ್ನೇ ಕಾಲು ಭಾಗ ಮಾಡಿ ಕೊಡಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇವುಗಳಲ್ಲಿ ಕೆಲವು ಉಪಯೋಗವಿಲ್ಲದವು. ಕೆಲವು ಮರಿಯ ಜೀವಕ್ಕೇ ಅಪಾಯ ತರುವಂಥವು.

ನಿಜವೇನೆಂದರೆ, ಸಂಜೆ ಕಾಣುವ ಆ ಉಬ್ಬು ಬಹುಪಾಲು ಕಾಯಿಲೆಯೇ ಅಲ್ಲ. ಕಾಯಿಲೆ ಹೌದೋ ಅಲ್ಲವೋ ಎಂದು ತಿಳಿಯಲು ಖರ್ಚಿಲ್ಲದ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಅದನ್ನು ತಿಳಿದುಕೊಂಡು ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ನೋಡೋಣ.

ಆ ಉಬ್ಬು ಏನು?

ಕೋಳಿಗೆ ಹಲ್ಲಿಲ್ಲ. ಕಾಳನ್ನು ಅಗಿಯದೆ ನುಂಗುತ್ತದೆ. ನುಂಗಿದ ಮೇವು ನೇರವಾಗಿ ಹೊಟ್ಟೆಗೆ ಹೋಗುವುದಿಲ್ಲ. ಅನ್ನನಾಳವೇ ಕತ್ತಿನ ಬುಡದಲ್ಲಿ ಹಿಗ್ಗಿ ಒಂದು ಚೀಲದಂತಾಗಿದೆ. ಪಶುವೈದ್ಯರು ಇದನ್ನು 'ಕ್ರಾಪ್' ಎನ್ನುತ್ತಾರೆ. ನಾವು ಇಲ್ಲಿ 'ಮೇವಿನ ಚೀಲ' ಎಂದು ಕರೆಯೋಣ. ಕಾಡಿನಲ್ಲಿ ಶತ್ರುಗಳ ಭಯದ ನಡುವೆ ಬೇಗಬೇಗ ಹೆಕ್ಕಿ ತುಂಬಿಕೊಂಡು, ಆಮೇಲೆ ಸುರಕ್ಷಿತ ಜಾಗದಲ್ಲಿ ಕುಳಿತು ಅರಗಿಸಿಕೊಳ್ಳಲು ಹಕ್ಕಿಗಳಿಗೆ ಈ ಚೀಲ ನೆರವಾಗುತ್ತದೆ.

ಚೀಲದಲ್ಲಿ ಮೇವು ನೆನೆದು ಮೆತ್ತಗಾಗುತ್ತದೆ. ಅಲ್ಲಿಂದ ಸ್ವಲ್ಪಸ್ವಲ್ಪವೇ ಕೆಳಗಿಳಿದು, ಮೊದಲು ಆಮ್ಲ ಸುರಿಸುವ ಹೊಟ್ಟೆಗೆ, ಆಮೇಲೆ 'ಗಿಜಾರ್ಡ್' ಎಂಬ ಗಟ್ಟಿ ಸ್ನಾಯುವಿನ ಹೊಟ್ಟೆಗೆ ಹೋಗುತ್ತದೆ. ಕೋಳಿ ನುಂಗಿದ ಸಣ್ಣ ಕಲ್ಲುಗಳು ಅಲ್ಲಿ ಬೀಸುವ ಕಲ್ಲಿನಂತೆ ಕೆಲಸ ಮಾಡಿ ಕಾಳನ್ನು ಪುಡಿ ಮಾಡುತ್ತವೆ.

ಕತ್ತಲಾಗುವ ಮುಂಚೆ ಕೋಳಿಗಳು ರಾತ್ರಿಗೆಂದು ಹೊಟ್ಟೆ ತುಂಬ ತಿನ್ನುತ್ತವೆ. ಹಾಗಾಗಿ ಸಂಜೆ ಚೀಲ ಉಬ್ಬಿರುವುದು ಸಹಜ. ಮರಿಗಳ ಕತ್ತಿನಲ್ಲಿ ಪುಕ್ಕ ಇನ್ನೂ ದಟ್ಟವಾಗಿರುವುದಿಲ್ಲವಾದ್ದರಿಂದ ಅದು ಎದ್ದು ಕಾಣುತ್ತದೆ, ಅಷ್ಟೇ.

ಬೆಳಗಿನ ಪರೀಕ್ಷೆ

ಸಂಜೆ ಅನುಮಾನ ಬಂದರೆ ಆಗಲೇ ಮದ್ದು ಮಾಡಬೇಡಿ. ಆ ಮರಿಯನ್ನು ಬೇರೆ ಬುಟ್ಟಿಯಲ್ಲೋ ಪೆಟ್ಟಿಗೆಯಲ್ಲೋ ಬೆಚ್ಚಗಿಟ್ಟು, ರಾತ್ರಿ ಮೇವು ಸಿಗದಂತೆ ನೋಡಿಕೊಳ್ಳಿ. ಬೆಳಿಗ್ಗೆ ಮೇವು ನೀರು ಕೊಡುವ ಮುಂಚೆ ಬೆರಳ ತುದಿಯಿಂದ ಚೀಲವನ್ನು ಮೆಲ್ಲಗೆ ಮುಟ್ಟಿ ನೋಡಿ.

ಚೀಲ ಚಪ್ಪಟೆಯಾಗಿ, ಕೈಗೆ ಸಿಗದಂತಿದ್ದರೆ ಮರಿ ಆರೋಗ್ಯವಾಗಿದೆ. ಸಂಜೆಯ ಉಬ್ಬು ಬರೀ ಊಟ. ಬೆಳಿಗ್ಗೆಯೂ ತುಂಬಿಕೊಂಡೇ ಇದ್ದರೆ ಮೇವು ಕೆಳಗಿಳಿಯುತ್ತಿಲ್ಲ ಎಂದರ್ಥ. ಅದು ಗಟ್ಟಿಯಾಗಿದೆಯೇ, ನೀರು ತುಂಬಿದ ಬಲೂನಿನಂತಿದೆಯೇ, ಬಾಯಿಂದ ಹುಳಿ ವಾಸನೆ ಬರುತ್ತಿದೆಯೇ ಎಂದು ಗಮನಿಸಿ. ಮುಂದಿನ ದಾರಿ ಇದರ ಮೇಲೆ ನಿಂತಿದೆ.

ಗೂಡಿನಲ್ಲಿ ರಾತ್ರಿಯಿಡೀ ಬಲ್ಬ್ ಉರಿಯುತ್ತಿದ್ದರೆ ಮರಿಗಳು ರಾತ್ರಿಯೂ ತಿನ್ನುತ್ತವೆ. ಆಗ ಬೆಳಿಗ್ಗೆ ಚೀಲ ತುಂಬಿದ್ದರೂ ತಪ್ಪು ತಿಳಿಯಬಾರದು. ಮರಿಯನ್ನು ಬೇರೆ ಇಟ್ಟು ಪರೀಕ್ಷಿಸಿ ಎನ್ನುವುದು ಅದಕ್ಕೇ.

ಒಂದು ದಿನದ ಮರಿ ತಂದಿದ್ದರೆ

ಗಿರಿರಾಜವೋ ಸ್ವರ್ಣಧಾರಾವೋ ನಾಟಿಯೋ, ಹೊಸದಾಗಿ ತಂದ ಮರಿಗಳಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಚೀಲ ಖಾಲಿ ಇದ್ದರೆ ಚಿಂತೆ. ದೊಡ್ಡ ಫಾರ್ಮ್‌ಗಳಲ್ಲಿ ಮರಿ ಬಿಟ್ಟ 24 ಗಂಟೆಯೊಳಗೆ 100ಕ್ಕೆ 95 ಮರಿಗಳ ಚೀಲವಾದರೂ ತುಂಬಿರಬೇಕು ಎಂದು ಮುಟ್ಟಿ ಪರೀಕ್ಷಿಸುತ್ತಾರೆ. ಹತ್ತು ಮರಿ ಇರುವ ಮನೆಯಲ್ಲೂ ಇದನ್ನು ಮಾಡಬಹುದು.

ಚೀಲ ದುಂಡಗೆ, ಗಂಜಿಯಂತೆ ಮೆತ್ತಗಿದ್ದರೆ ಮರಿ ಮೇವು ನೀರು ಎರಡನ್ನೂ ಕಂಡುಕೊಂಡಿದೆ. ಒಳಗೆ ಮೇವಿನ ತರಿ ಹಾಗೇ ಗಟ್ಟಿಯಾಗಿ ಸಿಕ್ಕರೆ ನೀರು ಕುಡಿದದ್ದು ಸಾಲದು. ನೀರಿನ ಬಟ್ಟಲು ಹತ್ತಿರಕ್ಕಿಟ್ಟು ಕೊಕ್ಕನ್ನು ಒಮ್ಮೆ ಅದ್ದಿ ತೋರಿಸಿ. ಬರೀ ನೀರು ತುಂಬಿ ಉಬ್ಬಿದ್ದರೆ ಮೇವು ಸಿಕ್ಕಿಲ್ಲ. ಏನೂ ಇಲ್ಲದಿದ್ದರೆ ಮರಿಗೆ ಚಳಿಯಾಗಿರಬಹುದು. ಮೊದಲ ವಾರ ಮರಿಗಳಿರುವ ಜಾಗದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಚಳಿ ಹಿಡಿದ ಮರಿಗಳು ಒಂದರ ಮೇಲೊಂದು ಗುಂಪಾಗಿ ನಿಲ್ಲುತ್ತವೆಯೇ ಹೊರತು ಮೇವಿನ ಕಡೆ ಬರುವುದಿಲ್ಲ.

ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ

ಇದು ಮೇವು ಕಟ್ಟಿಕೊಂಡ ಸ್ಥಿತಿ. ಅರಗದ ವಸ್ತು ಉಂಡೆಯಾಗಿ ಚೀಲದ ಕೆಳಬಾಯಿಗೆ ಅಡ್ಡ ನಿಲ್ಲುತ್ತದೆ. ನಮ್ಮ ಹಿತ್ತಲುಗಳಲ್ಲಿ ಇಂಥ ವಸ್ತುಗಳಿಗೆ ಬರವಿಲ್ಲ: ಉದ್ದನೆಯ ಒಣಹುಲ್ಲು, ತೆಂಗಿನ ನಾರು, ಗೋಣಿಚೀಲದ ಎಳೆ, ದಾರ, ಪ್ಲಾಸ್ಟಿಕ್ ಚೂರು. ಎಳೆಯ ಮರಿಗಳು ಹಾಸಿಗೆಗೆ ಹಾಕಿದ ಮರದ ಹೊಟ್ಟನ್ನೇ ಮೇವೆಂದು ತಿನ್ನುವುದೂ ಉಂಟು.

ಮರಿ ಚುರುಕಾಗಿದ್ದರೆ ಒಂದು ದಿನ ಮನೆಯಲ್ಲೇ ಪ್ರಯತ್ನಿಸಬಹುದು. ಮರಿಯನ್ನು ಬೇರೆ ಇಟ್ಟು ಬೆಚ್ಚಗಿಡಿ. ಕಾಳು, ಹುಲ್ಲು ನಿಲ್ಲಿಸಿ, ಕುಡಿಯಲು ನೀರು ಇಡಿ. ಕೊಕ್ಕಿನ ಪಕ್ಕಕ್ಕೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ಅದು ತಾನೇ ನುಂಗಲಿ. ಆಮೇಲೆ ಮರಿಯನ್ನು ನೆಟ್ಟಗೆ ಕೂರಿಸಿಕೊಂಡು, ಎರಡು ಬೆರಳಿನಿಂದ ಚೀಲವನ್ನು ಮೆಲ್ಲಗೆ ಒಂದೆರಡು ನಿಮಿಷ ನೀವಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿ. ಉಂಡೆ ಸಡಿಲವಾಗುತ್ತ ಬಂದರೆ ನೀರಿನಲ್ಲಿ ನೆನೆಸಿದ ಮರಿಮೇವನ್ನು ಸ್ವಲ್ಪಸ್ವಲ್ಪ ಕೊಡಿ. ಎಳೆಯ ಮರಿಯನ್ನು ದಿನಗಟ್ಟಲೆ ಉಪವಾಸ ಹಾಕಬಾರದು. ಅದಕ್ಕೆ ಅಷ್ಟು ಶಕ್ತಿ ಇರುವುದಿಲ್ಲ. 24 ಗಂಟೆಯಲ್ಲಿ ಗುಣ ಕಾಣದಿದ್ದರೆ ಪಶುವೈದ್ಯರ ಬಳಿ ಒಯ್ಯಿರಿ.

ವೈದ್ಯರು ಕೊಳವೆ ಹಾಕಿ ಚೀಲವನ್ನು ತೊಳೆಯಬಹುದು. ಅದೂ ಆಗದಿದ್ದರೆ ಅರಿವಳಿಕೆ ಕೊಟ್ಟು ಚೀಲ ತೆರೆದು, ಉಂಡೆ ತೆಗೆದು, ಹೊಲಿಗೆ ಹಾಕುತ್ತಾರೆ. ಇದನ್ನೇ ಬ್ಲೇಡು, ಸೂಜಿದಾರ ಹಿಡಿದು ಮನೆಯಲ್ಲಿ ಮಾಡುವ ವಿಡಿಯೊಗಳು ಹರಿದಾಡುತ್ತವೆ. ಅನುಕರಿಸಬೇಡಿ. ಮರಿಗೆ ಅದು ಸಹಿಸಲಾಗದ ನೋವು. ಹೊಲಿಗೆ ಸೋರಿದರೆ ಒಳಗೆ ಕೀವಾಗಿ ಸಾಯುತ್ತದೆ.

ಮೆತ್ತಗೆ, ಹುಳಿ ವಾಸನೆಯೊಂದಿಗೆ ಇದ್ದರೆ

ಚೀಲ ನೀರು ತುಂಬಿದಂತೆ ಜುಳುಜುಳು ಎನ್ನುತ್ತದೆ, ಬಾಯಿಂದ ಹುಳಿ ವಾಸನೆ ಬರುತ್ತದೆ. ಕೆಲವೊಮ್ಮೆ ಬಾಯೊಳಗೆ ಬಿಳಿ ಪದರವೂ ಕಾಣುತ್ತದೆ. ಮೇವು ಚೀಲದಲ್ಲೇ ನಿಂತು ಹುಳಿತು, 'ಕ್ಯಾಂಡಿಡಾ' ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ಅತಿಯಾಗಿ ಬೆಳೆದಾಗ ಹೀಗಾಗುತ್ತದೆ. ಬೂಷ್ಟು ಹಿಡಿದ ಮೇವು, ಕೊಳಕು ನೀರಿನ ಪಾತ್ರೆ, ಮೊದಲೇ ಇದ್ದ ಬೇರೆ ಕಾಯಿಲೆ ಇವು ಇದಕ್ಕೆ ದಾರಿ ಮಾಡಿಕೊಡುತ್ತವೆ.

ಇಲ್ಲಿ ಒಂದು ಮುಖ್ಯ ವಿಷಯವಿದೆ. ಆ್ಯಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ, ಶಿಲೀಂಧ್ರವನ್ನಲ್ಲ. ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಸತ್ತರೆ ಕಾಯಿಲೆ ಇನ್ನೂ ಹೆಚ್ಚುತ್ತದೆ. ಮನೆಯಲ್ಲಿ ಉಳಿದ ಮಾತ್ರೆಯನ್ನು ಹಾಕುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಇದಕ್ಕೆ ನಿಸ್ಟಾಟಿನ್‌ನಂಥ ಶಿಲೀಂಧ್ರನಾಶಕ ಔಷಧಿ ಬೇಕು. ಮರಿಯ ತೂಕ ನೋಡಿ ಪ್ರಮಾಣ ಹೇಳಬೇಕಾದವರು ವೈದ್ಯರು. ಈ ಚೀಲವನ್ನು ನೀವಲೂಬಾರದು. ಒಳಗಿನ ನೀರು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು.

ಇನ್ನೊಂದು ಬಗೆಯಲ್ಲಿ ಚೀಲದ ಸ್ನಾಯು ಸಡಿಲವಾಗಿ, ಎದೆಯ ಮೇಲೆ ಜೋಳಿಗೆಯಂತೆ ಜೋತುಬೀಳುತ್ತದೆ. ಇದು ಹೆಚ್ಚಾಗಿ ಪೂರ್ತಿ ವಾಸಿಯಾಗುವುದಿಲ್ಲ. ಮೇವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಟ್ಟು ಸಂಭಾಳಿಸಬೇಕು.

ತಲೆಕೆಳಗೆ ಹಿಡಿಯುವುದೇಕೆ ಅಪಾಯ?

ಕೋಳಿಯ ನಾಲಿಗೆಯ ಹಿಂಬದಿಯಲ್ಲೇ ಉಸಿರಿನ ಕೊಳವೆಯ ಬಾಯಿ ತೆರೆದುಕೊಂಡಿದೆ. ತಲೆಕೆಳಗೆ ಹಿಡಿದು ಹಿಂಡಿದಾಗ ಹೊರಬರುವ ಹುಳಿನೀರು ನೇರ ಅದರೊಳಗೆ ಹೋಗಬಹುದು. ಸಿರಿಂಜಿನಿಂದ ಬಾಯಿಗೆ ಎಣ್ಣೆ, ಕಷಾಯ ಸುರಿದರೂ ಅದೇ ಗತಿ. ಜೊತೆಗೆ ಕೋಳಿಗೆ ನಮ್ಮಂತೆ ವಪೆ ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅದು ಉಸಿರಾಡಬಲ್ಲದು. ಅಂಗೈಯಷ್ಟು ಮರಿಯನ್ನು ಬಿಗಿಯಾಗಿ ಹಿಡಿದರೆ ಉಸಿರೇ ನಿಲ್ಲುತ್ತದೆ. ಹೀಗೆ ಸತ್ತ ಮರಿಯನ್ನು ನೋಡಿ 'ಕಾಯಿಲೆ ಜೋರಾಗಿತ್ತು' ಎಂದುಕೊಳ್ಳುತ್ತೇವೆ.

ವಿನೆಗರ್ ಹುಳಿ ಚೀಲವನ್ನು ವಾಸಿ ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ತಗಡಿನ ಪಾತ್ರೆಯಲ್ಲಿ ಹಾಕಿದರೆ ಸತುವು ಕರಗಿ ನೀರಿಗೆ ಸೇರುತ್ತದೆ. ಮೈಲುತುತ್ತ ಶಿಲೀಂಧ್ರವನ್ನು ಕೊಲ್ಲುವುದು ನಿಜ, ಆದರೆ ಅಳತೆ ಸ್ವಲ್ಪ ಹೆಚ್ಚಾದರೂ ಅದು ಮರಿಗೇ ವಿಷ. ಒಂದು ಚಮಚ ಮೊಸರಿನಿಂದ ಹಾನಿಯಿಲ್ಲ, ಆದರೆ ಅದು ಔಷಧಿಯಲ್ಲ. ಒಣ ಅಕ್ಕಿ ತಿಂದರೆ ಹಕ್ಕಿಯ ಹೊಟ್ಟೆ ಉಬ್ಬಿ ಒಡೆಯುತ್ತದೆ ಎಂಬ ಹಳೆಯ ಮಾತೂ ಸುಳ್ಳು. ಗದ್ದೆಗೆ ಬರುವ ಹಕ್ಕಿಗಳು ತಿನ್ನುವುದು ಅದನ್ನೇ.

ಚೀಲ ತುಂಬಿದ್ದರೂ ರೋಗ ಬೇರೆ ಕಡೆ ಇರಬಹುದು

ಕೊಕ್ಕರೆ ರೋಗ ಅಥವಾ ರಾಣಿಖೇತ್ ತಗುಲಿದ ಕೋಳಿಯಲ್ಲೂ ಚೀಲದಲ್ಲಿ ನೀರು ನಿಲ್ಲುತ್ತದೆ, ಬಾಯಿಂದ ಲೋಳೆ ಇಳಿಯುತ್ತದೆ. ಜೊತೆಗೆ ಬಾಯಿ ತೆರೆದು ಉಸಿರಾಟ, ಹಸಿರು ಭೇದಿ, ಕತ್ತು ತಿರುಚುವುದು, ಕಾಲು ರೆಕ್ಕೆ ಸೋಲುವುದು ಕಾಣಬಹುದು. ಮ್ಯಾರೆಕ್ಸ್ ಎಂಬ ವೈರಸ್ ರೋಗದಲ್ಲಿ ನರಗಳು ಸೋತು ಚೀಲ ಖಾಲಿಯಾಗುವುದು ನಿಲ್ಲುತ್ತದೆ. ರಕ್ತಭೇದಿ, ಜಂತುಹುಳಗಳಿಂದಲೂ ಜೀರ್ಣಕ್ರಿಯೆ ಕುಂಠಿತವಾಗುತ್ತದೆ.

ರಾಣಿಖೇತ್ ಬಂದ ಮೇಲೆ ಅದನ್ನು ವಾಸಿ ಮಾಡುವ ಔಷಧಿಯಿಲ್ಲ. ಒಂದು ಮರಿಯ ಚೀಲ ಹಿಂಡುತ್ತ ಎರಡು ದಿನ ಕಳೆದರೆ, ಅದೇ ಕೈಯಿಂದ ಉಳಿದ ಮರಿಗಳಿಗೂ ರೋಗ ಹಬ್ಬಿ ಗೂಡೇ ಖಾಲಿಯಾಗಬಹುದು. ಮೊಟ್ಟೆ ಮಾರಿ ಮನೆಖರ್ಚು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ. ಇದಕ್ಕೆ ಲಸಿಕೆಯೇ ರಕ್ಷಣೆ: ಸಾಮಾನ್ಯವಾಗಿ 5ರಿಂದ 7ನೇ ದಿನದೊಳಗೆ ಕಣ್ಣು ಅಥವಾ ಮೂಗಿಗೆ ಹನಿ, ಮುಂದೆ 6ರಿಂದ 8 ವಾರಕ್ಕೆ ಚುಚ್ಚುಮದ್ದು. ನಿಮ್ಮೂರಿಗೆ ಸರಿಹೋಗುವ ವೇಳಾಪಟ್ಟಿಯನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ.

ಬಾರದಂತೆ ನೋಡಿಕೊಳ್ಳುವುದು

• ಮೊದಲ ವಾರಗಳಲ್ಲಿ ಪುಡಿಯಾದ ಮರಿಮೇವನ್ನೇ ಕೊಡಿ. ಬರೀ ಅದನ್ನೇ ತಿನ್ನುವಾಗ ಕಲ್ಲುಪುಡಿ ಬೇಕಿಲ್ಲ.
• ನುಚ್ಚು, ರಾಗಿ, ಸೊಪ್ಪು ಶುರು ಮಾಡಿದಾಗ ದಪ್ಪ ಮರಳಿನಂಥ ಸಣ್ಣ ಕಲ್ಲುಪುಡಿ ಇಡಿ. ಕಪ್ಪೆಚಿಪ್ಪಿನ ಪುಡಿ ಹೊಟ್ಟೆಯಲ್ಲಿ ಕರಗಿಹೋಗುವುದರಿಂದ ಅದು ಕಲ್ಲಿನ ಕೆಲಸ ಮಾಡದು.
• ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ.
• ಮೊದಲ ಕೆಲವು ದಿನ ಹಾಸಿನ ಹೊಟ್ಟಿನ ಮೇಲೆ ಒರಟು ಕಾಗದ ಹಾಸಿ. ನುಣುಪಾದ ಕಾಗದದ ಮೇಲೆ ಮರಿಗಳ ಕಾಲು ಜಾರುತ್ತದೆ.
• ನೀರಿನ ಪಾತ್ರೆ ದಿನಾ ತೊಳೆಯಿರಿ. ಒದ್ದೆಯಾದ ಮೇವನ್ನು ಸಂಜೆಗೇ ತೆಗೆದುಹಾಕಿ.
• ಮೇವಿನ ಮೂಟೆಯನ್ನು ನೆಲದಿಂದ ಮೇಲೆ, ತೇವ ತಾಗದಂತೆ ಇಡಿ. ಬೂಷ್ಟು ವಾಸನೆ ಬಂದದ್ದನ್ನು ಒಣಗಿಸಿ ಮತ್ತೆ ಕೊಡಬೇಡಿ.
• ದಾರ, ಪ್ಲಾಸ್ಟಿಕ್, ಗೋಣಿ ಎಳೆಗಳನ್ನು ಹಿತ್ತಲಿನಿಂದ ಆಯ್ದು ತೆಗೆಯಿರಿ.

ತಡಮಾಡದೆ ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಮರಿ ಮುದುರಿ ಕುಳಿತು ಕಣ್ಣು ಮುಚ್ಚುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಬಾಯಿಂದ ಹುಳಿನೀರು ಬರುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಒಂದಕ್ಕಿಂತ ಹೆಚ್ಚು ಮರಿಗಳಲ್ಲಿ ಹೀಗೆ ಕಂಡರೆ ಅದು ಚೀಲದ ತೊಂದರೆಯಲ್ಲ, ಹರಡುವ ರೋಗ ಎಂದೇ ತಿಳಿಯಿರಿ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಚರಂಡಿಗೆ ಎಸೆಯದೆ, ಮಾರದೆ, ಅಡುಗೆಗೂ ಬಳಸದೆ ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದಂತೆ ಆಳವಾಗಿ ಹೂಳಿ.

ಮುಂದಿನ ಬಾರಿ ಗ್ರೂಪಿನಲ್ಲಿ ಯಾರಾದರೂ ಉಬ್ಬಿದ ಕತ್ತಿನ ಮರಿಯ ಫೋಟೊ ಹಾಕಿದರೆ ಮದ್ದು ಹೇಳುವ ಮುಂಚೆ ಒಂದು ಪ್ರಶ್ನೆ ಕೇಳಿ: 'ಬೆಳಿಗ್ಗೆ ಮೇವು ಹಾಕುವ ಮುಂಚೆ ಮುಟ್ಟಿ ನೋಡಿದ್ದೀರಾ?'