ತಾಯಿ ಸೊಳ್ಳೆಯ ಉಡುಗೊರೆ

ಸಹೋದರಿಯರೇ, 2006ರ ಚಿಕುನ್‌ಗುನ್ಯ ನೆನಪಿದೆಯೇ? ಆ ವರ್ಷ ನಮ್ಮ ರಾಜ್ಯವೊಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳಿದ್ದರು. ಅದನ್ನೂ ಡೆಂಗಿಯನ್ನೂ ಹರಡುವುದು ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆ. ಈ ವೈರಸ್ಸುಗಳು ತಾಯಿ ಸೊಳ್ಳೆಯಿಂದ ಮೊಟ್ಟೆಗೂ ಇಳಿಯಬಲ್ಲವು. ಎಲ್ಲ ಮೊಟ್ಟೆಗಳಿಗಲ್ಲ, ಕೆಲವಕ್ಕೆ ಮಾತ್ರ. (ಮಲೇರಿಯದ ರೋಗಾಣು ಹಾಗೆ ಇಳಿಯುವುದಿಲ್ಲ.)

ಮೊಟ್ಟೆಯ ಹಟವಂತೂ ಹೇಳತೀರದು! ಪಾತ್ರೆಯ ಒಳಗೋಡೆಗೆ ಅಂಟಿ, ನೀರು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮತ್ತೆ ನೀರು ತಾಗಿದರೆ ಮರಿ ಹೊರಬರುತ್ತದೆ. ಆದ್ದರಿಂದ ಬೀದರ, ಭಾಲ್ಕಿ, ಔರಾದಗಳ ಮನೆಗಳಲ್ಲಿ ನೀರು ತುಂಬಿಡುವ ಡ್ರಮ್ಮು, ವುಝೂವಿನ ತೊಟ್ಟಿಗಳನ್ನು ಬರಿದು ಮಾಡಿದರಷ್ಟೇ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ಗಸಗಸ ಉಜ್ಜಿ ತೊಳೆದು, ಒಣಗಿಸಿ ಮುಚ್ಚಿಡಿ. ಬೇಸಿಗೆ ಮುಗಿದು ಕೂಲರ್ ಎತ್ತಿಡುವಾಗಲೂ ಅದರ ತಳವನ್ನು ಉಜ್ಜಿಯೇ ಇಡಿ.