ಹೆಸರು ಕಾರ್ಡಿನ ಮೇಲಿರಲಿ, ಕೋಡಿನೊಳಗೆ ಬೇಡ

ಮದುವೆ ಸೀಸನ್ ಶುರುವಾಯ್ತು ಅಂದ್ರೆ ನನ್ನಂಥ ಸಾಫ್ಟ್‌ವೇರ್ ಮಂದಿಗೆ ಒಂದು ಫೋನ್ ಬಂದೇ ಬರುತ್ತೆ. "ಕಾರ್ಡ್ ಮೇಲೆ ಕ್ಯೂಆರ್ ಕೋಡ್ ಹಾಕಿಸ್ಬೇಕು ಕಣೋ. ಒಬ್ಬೊಬ್ಬರಿಗೂ ಬೇರೆ ಬೇರೆ. ಹೆಸರು, ಫೋನ್ ನಂಬರ್, ಅಡ್ರೆಸ್ ಎಲ್ಲ ಅದರಲ್ಲೇ ಇರಲಿ." ಬರೀ ಮದುವೆ ಅಲ್ಲ, ಹಳೇ ವಿದ್ಯಾರ್ಥಿಗಳ ಸಮ್ಮೇಳನ, ಕಂಪನಿಯ ಫ್ಯಾಮಿಲಿ ಡೇ, ಸಾವಿರ ಜನ ಸೇರೋ ಕಡೆಯೆಲ್ಲ ಈಗ ಇದೇ ಬೇಡಿಕೆ.

ಕೋಡ್ ಹಾಕಿಸಿ, ಬೇಡ ಅನ್ನಲ್ಲ. ಆದರೆ ಅದರೊಳಗೆ ಹೆಸರು, ನಂಬರ್ ಯಾವುದೂ ಬೇಡ. ಅರ್ಥವಿಲ್ಲದ ಹತ್ತು ಅಕ್ಷರ ಸಾಕು. ಯಾಕೆ ಅಂತ ಹೇಳ್ತೀನಿ.

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ವೇವ್‌ನಲ್ಲಿ. ಮಸಾಹಿರೊ ಹಾರಾ ಮತ್ತು ಅವರ ತಂಡ ಅದನ್ನು ಮಾಡಿದ್ದು ವಾಹನದ ಬಿಡಿಭಾಗಗಳ ಲೆಕ್ಕ ಇಡೋದಕ್ಕೆ. ಬೇಗ ಓದಿಸಿಕೊಳ್ಳಬೇಕು, ಕೊಳೆಯಾದರೂ ಓದೋಕಾಗಬೇಕು, ಇದು ಅದರ ಗುರಿ. ಗುಟ್ಟು ಕಾಪಾಡೋ ಕೆಲಸ ಅದಕ್ಕೆ ಯಾರೂ ಕೊಟ್ಟಿರಲಿಲ್ಲ. ಹಾಗಾಗಿ ಕೋಡಿನೊಳಗೆ ಫೋನ್ ನಂಬರ್ ಇಟ್ಟರೆ, ಕಾರ್ಡು ಯಾರ ಕೈಗೆ ಸಿಕ್ಕಿದರೂ ನಂಬರ್ ಸಿಕ್ಕಿದ ಹಾಗೆ. ಛತ್ರದ ಕಸದ ಬುಟ್ಟಿಯಲ್ಲಿ ಬಿದ್ದ ನೂರು ಕಾರ್ಡು ಅಂದ್ರೆ ನೂರು ಮನೆಯ ವಿಳಾಸ. ನಾವು ಕರೆದಿದ್ದು ಊಟಕ್ಕೆ. ಅವರ ಮಾಹಿತಿ ಹಂಚೋ ಹಕ್ಕು ನಮಗಿಲ್ಲ.

ಎರಡನೇ ಕಾರಣ ಪೂರ್ತಿ ಟೆಕ್ನಿಕಲ್. ಕೋಡಿನೊಳಗೆ ಹೆಚ್ಚು ತುಂಬಿದಷ್ಟೂ ಅದರ ಚುಕ್ಕಿಗಳು ಸಣ್ಣದಾಗ್ತಾವೆ. ಅತಿ ಚಿಕ್ಕ ಕ್ಯೂಆರ್ ಅಂದ್ರೆ 21 ಸಾಲು, 21 ಕಂಬ. ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಮತ್ತು ಅಂಕಿ ಸೇರಿ 10 ಹಿಡಿಸುತ್ತೆ, ಅದೂ ಅತಿ ಹೆಚ್ಚಿನ ತಪ್ಪು ತಿದ್ದೋ ಮಟ್ಟದಲ್ಲಿ. ಆ ಮಟ್ಟದಲ್ಲಿ ಕೋಡಿನ ಸುಮಾರು 30% ಕೆಟ್ಟರೂ ಫೋನು ಓದಿಬಿಡುತ್ತೆ. ಅಂಚಿಗೆ ಅರಿಶಿನ ಹಚ್ಚಿದ ಕಾರ್ಡಿಗೆ ಇದಕ್ಕಿಂತ ಇನ್ನೇನು ಬೇಕು!

ಈಗ ಕನ್ನಡದಲ್ಲಿ 'ಲಕ್ಷ್ಮೀನಾರಾಯಣ' ಅಂತ ಕೋಡಿನೊಳಗೆ ಹಾಕಿ ನೋಡಿ. ಕಂಪ್ಯೂಟರ್ ಲೆಕ್ಕದಲ್ಲಿ ಒತ್ತಕ್ಷರ, ಗುಣಿತ ಎಲ್ಲ ಸೇರಿ 13 ಸಂಕೇತ, ಒಂದಕ್ಕೆ 3 ಬೈಟಿನಂತೆ 39 ಬೈಟು. ಅದೇ ಮಟ್ಟದ ರಕ್ಷಣೆ ಬೇಕು ಅಂದ್ರೆ ಕೋಡು 37 ಸಾಲಿಗೆ ಏರುತ್ತೆ. ಎರಡು ಸೆಂಟಿಮೀಟರಿನ ಚೌಕದಲ್ಲಿ ಮೊದಲನೆಯದರ ಚುಕ್ಕಿ ಸುಮಾರು ಒಂದು ಮಿಲಿಮೀಟರ್, ಎರಡನೆಯದರದ್ದು ಹೆಚ್ಚುಕಮ್ಮಿ ಅರ್ಧ. ಸಂಜೆ ಸೀರಿಯಲ್ ಲೈಟಿನ ಬೆಳಕಲ್ಲಿ ಫೋನು ತಡಕಾಡೋದು ಇಲ್ಲೇ. ಒಬ್ಬೊಬ್ಬರಿಗೆ ಐದು ಸೆಕೆಂಡ್ ಜಾಸ್ತಿಯಾದರೂ 600 ಜನಕ್ಕೆ 50 ನಿಮಿಷ. ಅಷ್ಟು ಹೊತ್ತು ರೇಷ್ಮೆ ಸೀರೆ ಉಟ್ಟ ಅತ್ತೆಯಂದಿರು ಬಾಗಿಲಲ್ಲಿ ಬೆವರಬೇಕಾ?

ಆ ಹತ್ತು ಅಕ್ಷರ 001, 002 ಅಂತ ಸಾಲಾಗಿ ಇರಬಾರದು. ಒಂದು ನೋಡಿದವರು ಮುಂದಿನದನ್ನು ಊಹಿಸಿ ತಾವೇ ಕೋಡ್ ಮಾಡ್ಕೋಬಹುದು. ಕಂಪ್ಯೂಟರಿಗೇ ಹೇಳಿ ಅಡ್ಡಾದಿಡ್ಡಿ ಆರಿಸಿ. ಸೊನ್ನೆ ಮತ್ತು 'ಓ', ಒಂದು ಮತ್ತು 'ಐ' ಗೊಂದಲ ಮಾಡ್ತಾವೆ, ಅವನ್ನ ಬಿಡಿ. ಕೋಡಿನ ಕೆಳಗೆ ಅದೇ ಅಕ್ಷರಗಳನ್ನು ಪ್ರಿಂಟ್ ಮಾಡಿಸಿ, ಸ್ಕ್ಯಾನ್ ಆಗದಿದ್ದರೆ ಟೈಪ್ ಮಾಡಬಹುದು. ಯಾವ ಅಕ್ಷರ ಯಾವ ಮನೆಯದು ಅನ್ನೋ ಪಟ್ಟಿ ನಿಮ್ಮ ಹತ್ತಿರ ಮಾತ್ರ ಇರುತ್ತೆ.

ಮನೆ ಅಂದೆ, ಗಮನಿಸಿ. ನಮ್ಮಲ್ಲಿ ಕರೆಯೋದು ಸಕುಟುಂಬ ಸಪರಿವಾರವನ್ನ. ತಲೆಗೊಂದು ಕೋಡ್ ಬೇಡ, ಮನೆಗೊಂದು ಸಾಕು. ಪಟ್ಟಿಯಲ್ಲಿ 'ನಾಲ್ಕು ಜನ' ಅಂತಿರಲಿ, ಐದು ಜನ ಬಂದ್ರೆ ಐದು ಅಂತ ಒತ್ತಿ.

ಇನ್ನು ಪ್ರಿಂಟಿಂಗ್. ಆಫ್‌ಸೆಟ್‌ನಲ್ಲಿ ಒಂದು ಪ್ಲೇಟ್ ಮಾಡಿದ್ರೆ ಎಲ್ಲ ಕಾರ್ಡೂ ಒಂದೇ ಥರ ಬರುತ್ತೆ. ಆದ್ದರಿಂದ ಕಾರ್ಡನ್ನು ಅಲ್ಲಿ ಹೊಡೆಸಿ, ಕೋಡಿನ ಜಾಗ ಬಿಳಿಯಾಗಿ ಬಿಟ್ಟು, ಅದನ್ನು ಡಿಜಿಟಲ್ ಪ್ರಿಂಟರಿನಲ್ಲಿ ಹಾಕಿಸೋದು ಅಥವಾ ಸ್ಟಿಕ್ಕರ್ ಅಂಟಿಸೋದು ಸುಲಭ. ಎಕ್ಸೆಲ್ ಪಟ್ಟಿಯಿಂದ ಮೇಲ್ ಮರ್ಜ್ ಮಾಡಿ ಪಿಡಿಎಫ್ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಥರ ಕಳಿಸಿದರೆ ಅಂಚುಗಳು ಮಸುಕಾಗ್ತಾವೆ. ಬಿಳಿ ಮೇಲೆ ಕಪ್ಪೇ ಇರಲಿ. ಚಿನ್ನದ ಫಾಯಿಲ್ ಚಂದ ಕಾಣುತ್ತೆ, ಆದ್ರೆ ಬೆಳಕು ಬಿದ್ದರೆ ಹೊಳೆದು ಕ್ಯಾಮೆರಾಗೆ ಏನೂ ಕಾಣಲ್ಲ. ಸುತ್ತಲೂ ನಾಲ್ಕು ಚುಕ್ಕಿಯಷ್ಟು ಖಾಲಿ ಅಂಚು ಬಿಡಲೇಬೇಕು. ಮುಖ್ಯವಾಗಿ ಮನೆಯವರ ಹೆಸರನ್ನು ಕೋಡಿನ ಪಕ್ಕದಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಅಚ್ಚು ಮಾಡಿಸಿ. ಇಲ್ಲದಿದ್ದರೆ ಕವರ್ ಮೇಲೆ ಒಬ್ಬರ ಹೆಸರು, ಒಳಗೆ ಇನ್ನೊಬ್ಬರ ಕೋಡು ಆಗಿಬಿಡುತ್ತೆ. ಹೆಸರಿದ್ದರೆ ಕಾರ್ಡು ಹಾಕುವಾಗಲೇ ಗೊತ್ತಾಗುತ್ತೆ.

ಕಾರ್ಡನ್ನು ಫೋಟೋ ತೆಗೆದು ಇನ್ನೊಬ್ಬರಿಗೆ ಕಳಿಸಿದರೆ? ಕೋಡು ಅದನ್ನು ತಡೆಯಲ್ಲ. ಎರಡನೇ ಸಲ ಸ್ಕ್ಯಾನ್ ಆದಾಗ 'ಈಗಾಗಲೇ ಬಂದಿದ್ದಾರೆ' ಅಂತ ಪಟ್ಟಿ ಹೇಳುತ್ತೆ, ಅಷ್ಟೇ. ಎರಡು ಬಾಗಿಲಿದ್ದರೆ ಎರಡು ಫೋನೂ ಒಂದೇ ಪಟ್ಟಿ ನೋಡ್ತಿರಬೇಕು. ಛತ್ರದಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ, ಒಂದು ರೂಟರ್, ಒಂದು ಲ್ಯಾಪ್‌ಟಾಪ್ ಇಟ್ಕೊಳ್ಳಿ.

ಆದರೆ ಫೋನಿನಲ್ಲಿ ಕೆಂಪು ಬಂದ ಕೂಡಲೇ ಎದುರಿಗೆ ನಿಂತವರನ್ನು ಕಳ್ಳರ ಥರ ನೋಡೋ ಹುಡುಗ ಬಾಗಿಲಲ್ಲಿ ಇರಬಾರದು. ಊರಿಂದ ಬಸ್ಸು ಹತ್ತಿ ಬಂದ ಅಜ್ಜ ಕಾರ್ಡು ಮನೆಯಲ್ಲೇ ಬಿಟ್ಟಿರ್ತಾರೆ. ದಾರಿಯಲ್ಲಿ ಸಿಕ್ಕಿದ ಬೀಗರನ್ನು ನಿಮ್ಮಪ್ಪ ಬಾಯಲ್ಲೇ ಕರೆದಿರ್ತಾರೆ. ಸ್ಕ್ಯಾನ್ ಮಾಡೋನ ಪಕ್ಕ ನೆಂಟರನ್ನೆಲ್ಲ ಬಲ್ಲ ಒಬ್ಬ ಸೋದರಮಾವ ನಿಂತಿರಲಿ. ಕಾರ್ಡಿಲ್ಲದವರಿಗೆ 'ಹೊಸ ಅತಿಥಿ' ಅನ್ನೋ ಬಟನ್ ಇಡಿ, ಒತ್ತಿ ಒಳಗೆ ಕರೀರಿ. ಈ ಕೋಡಿನ ನಿಜವಾದ ಉಪಯೋಗ ಅಡುಗೆಮನೆಗೆ: ಹನ್ನೆರಡೂವರೆಗೆ ಎಷ್ಟು ಜನ ಬಂದಿದ್ದಾರೆ, ಮುಂದಿನ ಪಂಕ್ತಿಗೆ ಎಷ್ಟು ಎಲೆ ಬೇಕು ಅಂತ ಭಟ್ಟರಿಗೆ ಹೇಳಬಹುದು. ಅನ್ನ ಸಾಲದೆ ಹೋಗಲ್ಲ, ಚೆಲ್ಲೋದೂ ಕಮ್ಮಿ.

ಎಲ್ಲ ಮುಗಿದು ಭಟ್ಟರ ಲೆಕ್ಕ ಚುಕ್ತಾ ಆದ ಮೇಲೆ ಆ ಪಟ್ಟಿಯನ್ನ ಲ್ಯಾಪ್‌ಟಾಪಿಂದ ಅಳಿಸಿ. ಸ್ಕ್ಯಾನ್ ಮಾಡಿದ ಹುಡುಗರ ಫೋನಿಂದಲೂ ಅಳಿಸಿ. ಸ್ಟಿಕ್ಕರ್ ಮಾಡಿಕೊಟ್ಟ ಅಂಗಡಿಯವರಿಗೂ ಒಂದು ಮಾತು ಹೇಳಿ, "ಆ ಫೈಲ್ ತೆಗೆದುಬಿಡಿ ಸಾರ್" ಅಂತ.