ಮರುಕದಿಂದ ಮುರಿದ ಕೊಂಬೆ

ಸೋದರಿಯರೇ, ಮರದಲ್ಲಿ ಬಿಟ್ಟ ಹೀಚನ್ನು ಕಿತ್ತು ಎಸೆಯಿರಿ ಅಂದರೆ ನಿಮಗೆ ಹೇಗನ್ನಿಸುತ್ತೆ? ಗಾಳಿಗೆ ನಾಲ್ಕು ಮಾವಿನ ಮಿಡಿ ಉದುರಿದರೂ ಆರಿಸಿ ತಂದು ಉಪ್ಪಿಗೆ ಹಾಕುವವರು ನಾವು. ಆ ಅಭ್ಯಾಸವೇ ಒಮ್ಮೆ ನನ್ನನ್ನು ಹತ್ತು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡಿತು.

2019ರ ಏಪ್ರಿಲ್‌ನಲ್ಲಿ ಮಗಳ ಮನೆಗೆಂದು ಅಮೆರಿಕದ ಒರೆಗಾನ್ ರಾಜ್ಯಕ್ಕೆ ಹೋಗಿದ್ದೆ. ಅವಳ ಬಡಾವಣೆಯಲ್ಲಿ ಎಲ್ಲರಿಗೂ ಸೇರಿದ ಒಂದು ಹಣ್ಣಿನ ತೋಟವಿದೆ. ಸುತ್ತಲಿನ ಮನೆಯವರೇ ಗೊಬ್ಬರ ಹಾಕಿ, ನೀರುಣಿಸಿ, ಬಂದ ಹಣ್ಣನ್ನು ಹಂಚಿಕೊಳ್ಳುತ್ತಾರೆ. ಒಂದು ಪಾಲು ಬಡವರಿಗೆ ಉಚಿತವಾಗಿ ದಿನಸಿ ಕೊಡುವ ಕೇಂದ್ರಕ್ಕೆ ಹೋಗುತ್ತದೆ.

ಅಲ್ಲಿದ್ದದ್ದು ಏಷ್ಯಾದ ಮರಸೇಬು. ಜಪಾನಿನಲ್ಲಿ ಇದಕ್ಕೆ 'ನಾಶಿ' ಅಂತ ಹೆಸರು. ಸೇಬಿನ ಹಾಗೆ ದುಂಡಗಿರುತ್ತೆ, ಕಚ್ಚಿದರೆ ಕರಂ ಕುರುಂ, ಬಾಯಿತುಂಬ ಸಿಹಿನೀರು. ಇದರಲ್ಲೊಂದು ಹೆಸರಾಂತ ತಳಿ 'ನಿಜಿಸ್ಸೇಕಿ', ಅಂದರೆ ಇಪ್ಪತ್ತನೇ ಶತಮಾನ. 1888ರಲ್ಲಿ ಟೋಕಿಯೋ ಬಳಿಯ ಮತ್ಸುದೋದಲ್ಲಿ ಒಬ್ಬ ಹುಡುಗನಿಗೆ ಇದರ ಸಸಿ ಸಿಕ್ಕಿದ್ದು ಕಸದ ತಿಪ್ಪೆಯಲ್ಲಿ! 1904ರಲ್ಲಿ ತೊತ್ತೊರಿ ಪ್ರಾಂತ್ಯಕ್ಕೆ ಹೋಗಿ ಅಲ್ಲಿಯ ಹೆಮ್ಮೆಯ ಬೆಳೆಯಾಯಿತು.

ನಾನು ಹೋದಾಗ ಮರದ ತುಂಬ ಬಿಳಿ ಹೂವು. ಪರಾಗ ಸರಿಯಾಗಿ ಸೇರಿ ಕಾಯಿ ಚೆನ್ನಾಗಿ ಕಚ್ಚಲೆಂದು ಪಕ್ಕದಲ್ಲೇ ಬೇರೆ ತಳಿಯ ಮರವನ್ನೂ ನೆಟ್ಟಿದ್ದರು. ಮೇ ತಿಂಗಳಲ್ಲಿ ಗೊಂಚಲಿಗೆ ಐದಾರು ಹೀಚು. ಗೊಂಚಲಿಗೆ ಒಂದನ್ನೇ ಉಳಿಸಬೇಕು, ಕಾಯಿಗೂ ಕಾಯಿಗೂ ಆರು ಅಂಗುಲ ಅಂತರ ಬಿಡಬೇಕು, ಉಳಿದದ್ದನ್ನು ಕಿತ್ತುಹಾಕಬೇಕು. ಮನೆಗೊಂದು ಕೊಂಬೆಯಂತೆ ಕೆಲಸ ಹಂಚಿದರು. ಕೊರಿಯಾ ಮೂಲದ ಒಬ್ಬ ಅಜ್ಜಿ ಮಾಡಿ ತೋರಿಸಿದರು.

ನನ್ನ ಕೈ ಬರಲಿಲ್ಲ. ಎಳೇ ಮಗುವಿನ ಮುಷ್ಟಿಯ ಹಾಗಿದ್ದ ಹೀಚುಗಳನ್ನು ಹೇಗೆ ಕೀಳಲಿ? ನಾಲ್ಕಾರು ಕಿತ್ತು ಸುಮ್ಮನಾದೆ. "ಅಮ್ಮಾ, ಮುಗೀತಾ?" ಅಂದಳು ಮಗಳು. "ಹೂಂ ಕಣೇ" ಅಂದೆ.

ಜುಲೈ ಕೊನೆಯಲ್ಲಿ ಒಂದು ರಾತ್ರಿ ಜೋರು ಗಾಳಿ ಬೀಸಿತು. ಬೆಳಿಗ್ಗೆ ಹೋಗಿ ನೋಡಿದರೆ ಕಾಯಿಯ ಭಾರಕ್ಕೆ ನನ್ನ ಕೊಂಬೆ ಬುಡದಲ್ಲೇ ಸೀಳಿ ನೆಲಕ್ಕೆ ಬಿದ್ದಿತ್ತು. ಮಿಕ್ಕ ಕೊಂಬೆಗಳೆಲ್ಲ ನೆಟ್ಟಗಿದ್ದವು. ಯುರೋಪಿನ ಮರಸೇಬನ್ನಾದರೆ ಬಲಿತ ಕಾಯಿ ಕಿತ್ತು ಮನೆಯಲ್ಲಿಟ್ಟು ಹಣ್ಣು ಮಾಡಬಹುದು. ಇದು ಮರದಲ್ಲೇ ಮಾಗಬೇಕು. ಹಾಗಾಗಿ ಅಷ್ಟೂ ಕಾಯಿ ದಂಡ.

ಗಾಳಿಯ ಮೇಲೆ ಹೊರಿಸಬಹುದಿತ್ತು. ಆದರೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಶನಿವಾರ ಎಲ್ಲರೂ ಸೇರಿದಾಗ ಮಗಳ ಬಾಯಲ್ಲಿ ನಿಜ ಹೇಳಿಸಿದೆ. ನಮ್ಮ ಪಾಲಿನ ಹಣ್ಣು ಆ ದಿನಸಿ ಕೇಂದ್ರಕ್ಕೇ ಹೋಗಲಿ ಅಂದೆ. ಯಾರೂ ಉಪಚಾರಕ್ಕೆಂದು "ಬೇಡ, ಬಿಡಿ" ಅನ್ನಲಿಲ್ಲ. ಅದೇ ನನಗೆ ಸಮಾಧಾನ ತಂದಿತು. ಅಜ್ಜಿ ಮಾತ್ರ ಬಿದ್ದ ಕಾಯಿಯೊಂದನ್ನು ಎತ್ತಿಕೊಂಡು, "ಕಾಯಿ ಇದ್ದರೆ ನಿಮ್ಮೂರಲ್ಲಿ ಏನು ಮಾಡ್ತೀರಿ?" ಅಂತ ಕೇಳಿದರು. ಮರುದಿನ ಮನೆಮನೆಗೂ ಒಂದೊಂದು ಬಟ್ಟಲು ಗೊಜ್ಜು ಕೊಟ್ಟುಬಂದೆ!

ಆಗಸ್ಟ್ ಕೊನೆಗೆ ಕೊಯ್ಲು. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿದರೆ ತೊಟ್ಟು ತಾನೇ ಬಿಟ್ಟುಕೊಳ್ಳುತ್ತೆ. ಒತ್ತಿದರೆ ಕಂದುತ್ತೆ, ಅದಕ್ಕೇ ಒಂದೊಂದನ್ನೂ ಮೊಟ್ಟೆಯಂತೆ ಬುಟ್ಟಿಗಿಡಬೇಕು. ನಾನೂ ದಿನವೆಲ್ಲ ನಿಂತು ಬುಟ್ಟಿ ತುಂಬಿದೆ.

ಈಗ ನಮ್ಮ ಹಿತ್ತಲಿನ ದಾಳಿಂಬೆ ಗಿಡದಲ್ಲಿ ಜೋಡಿ ಹೀಚು ಕಂಡರೆ ಒಂದನ್ನು ಕಿತ್ತುಬಿಡುತ್ತೇನೆ. ಕೈ ಇನ್ನೂ ಅಳುಕುತ್ತದೆ. ಆದರೂ ಕೀಳುತ್ತೇನೆ.

ಮರಸೇಬಿನ ಗೊಜ್ಜು: ಗಟ್ಟಿಯಾದ 4 ಮರಸೇಬನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ. ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ ಹೋಳು ಬಾಡಿಸಿ. ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಅಷ್ಟೇ ಬೆಲ್ಲ, 2 ಚಮಚ ಸಾರಿನ ಪುಡಿ, ಉಪ್ಪು, ಸ್ವಲ್ಪ ನೀರು ಹಾಕಿ ಹೋಳು ಮೆತ್ತಗಾಗುವವರೆಗೆ ಕುದಿಸಿ. ಹುರಿದ ಎಳ್ಳಿನ ಪುಡಿ 1 ಚಮಚ ಬೆರೆಸಿ ಇಳಿಸಿ. ಚಪಾತಿಗೂ ಸೈ, ಬಿಸಿ ಅನ್ನಕ್ಕೂ ಸೈ. ಪಕ್ಕದ ಮನೆಗೂ ಒಂದು ಬಟ್ಟಲು ಕೊಡಿ.